ಯಾವ ಕಮಲಾಪುರ?

ತುಂಗಭದ್ರೆಯ ಅಣೆಕಟ್ಟಿನ ಬುಡದಲ್ಲೊಂದು, ಕಮಲಾಪುರದ ಬಳಿ ಹಂಪಿಯ ಹೆಸರಿನಲ್ಲೊಂದು, ಹೀಗೆ ತಲಾ 36 ಮೆಗಾವಾಟ್ ಸಾಮರ್ಥ್ಯದ ಎರಡು ವಿದ್ಯುದಾಗಾರಗಳು ದಶಕಗಳಿಂದಲೂ ನೀರಿನ ವೇಗವನ್ನು ಬೆಳಕಾಗಿ ಪರಿವರ್ತಿಸುತ್ತಲಿವೆ. ಆದರೆ ನಮ್ಮೂರಾದ ಈ ಕಮಲಾಪುರದಲ್ಲಿ ನಿಂತು, ಈ ಕಾಲುಗಂಟೆಗೆ ವಿದ್ಯುತ್ತಿನ ಪೇಟೆಯ ಧಾರಣೆ ಎಷ್ಟೆಂದು ಕೃತಕ ಬುದ್ಧಿಮತ್ತೆಯ ಏಜೆಂಟನ್ನು ಕೇಳಿದರೆ, ಬೆಲೆಗೂ ಮೊದಲು ಅದು ಶೋಧಿಸಬೇಕಾದುದು ಸ್ಥಳವನ್ನು.

ಏಕೆಂದರೆ ಆ ಪೇಟೆಗೆ ನಮ್ಮ ಊರುಗಳ ಹೆಸರು ತಿಳಿಯದು. ಭಾರತದ ವಿದ್ಯುತ್ ವಿನಿಮಯ ಕೇಂದ್ರಗಳಲ್ಲಿ ದೇಶವು 13 ಬಿಡ್ ಕ್ಷೇತ್ರಗಳಾಗಿ ವಿಭಕ್ತವಾಗಿದ್ದು, ಕರ್ನಾಟಕವು ಎಸ್‌1 ಎಂಬ ಕ್ಷೇತ್ರಕ್ಕೆ ಸೇರಿದೆ. ದಿನವೊಂದಕ್ಕೆ 15 ನಿಮಿಷಗಳ 96 ಭಾಗಗಳು. ಪ್ರಸರಣ ಮಾರ್ಗಗಳು ನಿರಾತಂಕವಾಗಿದ್ದಾಗ ದೇಶಕ್ಕೆಲ್ಲ ಒಂದೇ ಬೆಲೆ, ಅವುಗಳಲ್ಲಿ ದಟ್ಟಣೆಯುಂಟಾದಾಗ ಕ್ಷೇತ್ರದಿಂದ ಕ್ಷೇತ್ರಕ್ಕೆ ಬೇರೆ ಬೆಲೆ. ರಾಯಚೂರು–ಸೊಲ್ಲಾಪುರ ಮಾರ್ಗವು 2013ರ ಡಿಸೆಂಬರ್ 31ರಂದು ದಕ್ಷಿಣದ ಜಾಲವನ್ನು ರಾಷ್ಟ್ರೀಯ ಜಾಲದೊಡನೆ ಬೆಸೆಯುವುದಕ್ಕೆ ಮುಂಚಿನ ವರ್ಷಗಳಲ್ಲಿ, ಈ ಭೇದದ ಭಾರವನ್ನು ದಕ್ಷಿಣದವರು ಬಹಳವಾಗಿ ಹೊತ್ತಿದ್ದರು.

ಅಮೆರಿಕದ ಪೇಟೆಗಳಲ್ಲಾದರೋ ಇಂತಹ ಬೆಲೆಯ ತಾಣಗಳು ಸಹಸ್ರಾರು, ಅವುಗಳ ಹೆಸರುಗಳೂ ಒಗಟಿನಂತಹ ಸಂಕ್ಷೇಪಗಳು. ಅಲ್ಲಿ ಊಹೆಯಿಂದ ಉತ್ತರಿಸುವ ಏಜೆಂಟು ಎಡವುವುದು ನಿಶ್ಚಯವಾದುದರಿಂದ, ಊರಿನ ಹೆಸರನ್ನಿತ್ತರೆ ಸರಿಯಾದ ತಾಣದ ಸಂಕೇತವನ್ನು ಹುಡುಕಿಕೊಡುವ ಸಾಧನವೊಂದು ಅದರ ಕೈಗೆ ಅವಶ್ಯವಾಗಿ ಬೇಕು.

ಹೆಸರೊಂದೇ ಸಾಲದೆಂಬುದಕ್ಕೆ ನಮ್ಮ ಊರೇ ಸಾಕ್ಷಿ. ಕೆಂಪು ಬಾಳೆಗೆ ಪ್ರಸಿದ್ಧವಾದ ಇನ್ನೊಂದು ಕಮಲಾಪುರ ಕಲಬುರಗಿ ಜಿಲ್ಲೆಯಲ್ಲಿದೆ. ಎರಡೂ ಎಸ್‌1ರಲ್ಲಿಯೇ ಇರುವುದರಿಂದ ಧಾರಣೆಯೇನೋ ಬದಲಾಗದು. ಆದರೂ, ಉತ್ತಮ ಸಾಧನವಾದುದು ಉತ್ತರಿಸುವ ಮುನ್ನ, ಯಾವ ಕಮಲಾಪುರವೆಂದು ಮರಳಿ ಕೇಳಲೇಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.