ನ್ಯಾಯಶಾಸ್ತ್ರಜ್ಞ ಹಾನ್ಸ್ ಕೆಲ್ಸನ್

ನಮ್ಮ ಕಾನೂನು ಕಾಲೇಜುಗಳಲ್ಲಿ ನ್ಯಾಯತತ್ತ್ವವನ್ನು ಓದಿದ ಯಾವ ವಿದ್ಯಾರ್ಥಿಗೂ ಹಾನ್ಸ್ ಕೆಲ್ಸನ್ನರ ಹೆಸರು ಅಪರಿಚಿತವಲ್ಲ. ಆದರೆ ‘ಗ್ರುಂಡ್‌ನಾರ್ಮ್’ ಎಂಬ ಮೂಲವಿಧಿಯ ಸಿದ್ಧಾಂತವನ್ನು ಪರೀಕ್ಷೆಗಾಗಿ ಕಂಠಪಾಠ ಮಾಡಿದವರಲ್ಲಿ, ಅದರ ಕರ್ತೃ ಅಂತರರಾಷ್ಟ್ರೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದರೆಂಬುದನ್ನೂ, ಡೀನರಾಗಿದ್ದ ವಿದ್ಯಾಪೀಠದಿಂದಲೇ ಬಹಿಷ್ಕೃತರಾದರೆಂಬುದನ್ನೂ ಬಲ್ಲವರು ವಿರಳ.

1881ರಲ್ಲಿ ಪ್ರಾಗ್ ನಗರದ ಯೆಹೂದಿ ಕುಟುಂಬವೊಂದರಲ್ಲಿ ಜನಿಸಿ, ವಿಯೆನ್ನಾದಲ್ಲಿ ಬೆಳೆದು ಅಲ್ಲಿಯೇ ಅಧ್ಯಾಪಕರಾದ ಕೆಲ್ಸನ್ನರು, ಆಸ್ಟ್ರಿಯಾ ದೇಶದ 1920ರ ಸಂವಿಧಾನವನ್ನು ರೂಪಿಸಿದವರಲ್ಲಿ ಪ್ರಮುಖರು. ಶಾಸನಸಭೆಯ ಕಾನೂನುಗಳನ್ನು ಸಂವಿಧಾನದ ಒರೆಗಲ್ಲಿಗೆ ಹಚ್ಚುವುದಕ್ಕೆಂದೇ ಅದರಲ್ಲಿ ಏರ್ಪಟ್ಟ ನ್ಯಾಯಾಲಯದಲ್ಲಿ ತಾವೂ ನ್ಯಾಯಾಧೀಶರಾಗಿದ್ದು, ಕ್ಯಾಥೊಲಿಕರ ಪುನರ್ವಿವಾಹದ ವ್ಯಾಜ್ಯದಲ್ಲಿ ಸಂಪ್ರದಾಯಸ್ಥರ ಕೋಪಕ್ಕೆ ಗುರಿಯಾಗಿ, 1930ರಲ್ಲಿ ಆ ಸ್ಥಾನವನ್ನೂ ಆ ಊರನ್ನೂ ಬಿಟ್ಟರು.

ಜರ್ಮನಿಯ ಕೊಲೋನ್ ವಿಶ್ವವಿದ್ಯಾನಿಲಯ ಅವರನ್ನು ಆದರದಿಂದ ಬರಮಾಡಿಕೊಂಡಿತು. ಡೀನ್ ಪದವಿಯೂ ಒದಗಿತು. ತಮ್ಮ ವಿಚಾರಗಳ ಕಡುವಿರೋಧಿಯಾಗಿದ್ದ ಕಾರ್ಲ್ ಶ್ಮಿಟ್ಟರನ್ನು ಅದೇ ವಿಭಾಗಕ್ಕೆ ಪ್ರಾಧ್ಯಾಪಕರನ್ನಾಗಿ ಕರೆಯುವ ಪ್ರಸ್ತಾಪ ಬಂದಾಗ, ವಿದ್ವತ್ತನ್ನಷ್ಟೇ ಗಣಿಸಿ ಅವರು ಸಮ್ಮತಿಸಿದರು. 1933ರ ಏಪ್ರಿಲ್ ತಿಂಗಳಿನಲ್ಲಿ, ಹಿಟ್ಲರನ ಸರ್ಕಾರ ತಮ್ಮನ್ನು ಕೆಲಸದಿಂದ ತೆಗೆದ ಸುದ್ದಿಯನ್ನು ಕೆಲ್ಸನ್ನರು ವೃತ್ತಪತ್ರಿಕೆಯಲ್ಲಿ ಓದಿ ತಿಳಿಯಬೇಕಾಯಿತು. ಅವರನ್ನು ಉಳಿಸಿಕೊಡಬೇಕೆಂದು ವಿಭಾಗದ ಸಹೋದ್ಯೋಗಿಗಳು ಬರೆದ ಮನವಿಗೆ ರುಜು ಹಾಕದೆ ಉಳಿದವರು ಒಬ್ಬರೇ. ಆ ಒಬ್ಬರು ಯಾರೆಂಬುದನ್ನು ವಾಚಕರು ಊಹಿಸಿರಬಹುದು. ಶ್ಮಿಟ್ಟರ ಪಾಂಡಿತ್ಯ ಸಾಮಾನ್ಯದ್ದಲ್ಲ. ಆದರೂ ಈ ಒಂದು ರುಜುವಿನ ಅಭಾವವನ್ನು ಅದು ಮುಚ್ಚಲಾರದು.

ಮುಂದೆ ಜಿನೀವಾ, ಮತ್ತೆ ಪ್ರಾಗ್, ಯುದ್ಧ ಹಬ್ಬಿದ ಮೇಲೆ 1940ರಲ್ಲಿ ಅಮೆರಿಕ. ಅರುವತ್ತರ ಅಂಚಿನಲ್ಲಿದ್ದ ಪಂಡಿತರು ಪರಭಾಷೆಯಲ್ಲಿ ಪಾಠ ಹೇಳತೊಡಗಿದರು. ಬರ್ಕ್ಲಿಯಲ್ಲಿ ಅವರಿಗೆ ನೆಲೆ ದೊರೆತದ್ದು ಕಾನೂನು ಶಾಲೆಯಲ್ಲಲ್ಲ, ರಾಜ್ಯಶಾಸ್ತ್ರ ವಿಭಾಗದಲ್ಲಿ! 1944ರಲ್ಲಿ ಪ್ರಕಟವಾದ ‘ಪೀಸ್ ಥ್ರೂ ಲಾ’ ಎಂಬ ಪುಸ್ತಕದಲ್ಲಿ ಅವರು, ವಿಶ್ವಸರ್ಕಾರದ ಕನಸಿಗಿಂತ ಮೊದಲು ರಾಷ್ಟ್ರಗಳೆಲ್ಲ ತಪ್ಪದೆ ತಲೆಬಾಗಬೇಕಾದ ನ್ಯಾಯಾಲಯವೊಂದು ಸ್ಥಾಪಿತವಾಗಬೇಕೆಂದೂ, ಯುದ್ಧವನ್ನು ಹೂಡಿದ ವ್ಯಕ್ತಿಗಳೇ ಅದಕ್ಕೆ ಉತ್ತರವಾದಿಗಳಾಗಬೇಕೆಂದೂ ವಾದಿಸಿದರು. ಅಂಥ ನ್ಯಾಯಾಲಯ ಇನ್ನೂ ಬಂದಿಲ್ಲ; ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ, ಯಾವುದಾದರೊಂದು ಬಗೆಯಲ್ಲಿ ಒಪ್ಪಿಗೆ ಕೊಡದ ರಾಷ್ಟ್ರವನ್ನು ಇಂದಿಗೂ ನಿಲ್ಲಿಸುವಂತಿಲ್ಲ.

ಕಾನೂನನ್ನು ನೀತಿ ರಾಜಕೀಯಗಳಿಂದ ಬೇರ್ಪಡಿಸಿ ಅಭ್ಯಸಿಸಬೇಕೆಂಬ ಅವರ ಶುದ್ಧಸಿದ್ಧಾಂತವು ದುಷ್ಟಪ್ರಭುತ್ವಕ್ಕೂ ಆಶ್ರಯವಿತ್ತಿತೆಂಬ ಆಕ್ಷೇಪವುಂಟು. 1958ರಲ್ಲಿ ಪಾಕಿಸ್ತಾನದ ಸುಪ್ರೀಂ ಕೋರ್ಟು, ಸಫಲವಾದ ಕ್ರಾಂತಿಯೇ ನ್ಯಾಯಸಮ್ಮತವೆನ್ನುವುದಕ್ಕೆ ಕೆಲ್ಸನ್ನರನ್ನೇ ಆಧಾರವಾಗಿ ಎತ್ತಿಕೊಂಡು, ಸೈನ್ಯಾಡಳಿತವನ್ನು ಮಾನ್ಯಮಾಡಿತು. 1972ರಲ್ಲಿ ಅದೇ ನ್ಯಾಯಾಲಯ ಆ ತೀರ್ಪನ್ನು ತಳ್ಳಿಹಾಕಿತು. ವಿವರಣೆಯನ್ನು ಸಮರ್ಥನೆಯೆಂದು ಬಗೆದದ್ದು ನ್ಯಾಯಾಧೀಶರ ದೋಷವೇ ಹೊರತು ಶಾಸ್ತ್ರಕಾರರದಲ್ಲವೆಂದು ನನ್ನ ಮತ. ಪಠ್ಯಪುಸ್ತಕದ ಒಂದೆರಡು ಪುಟಗಳಿಂದಷ್ಟೇ ಕೆಲ್ಸನ್ನರನ್ನು ಅರಿತವರು, 1944ರ ಆ ಕಿರುಹೊತ್ತಗೆಯನ್ನೊಮ್ಮೆ ಓದಬೇಕೆಂದು ಕೋರುತ್ತೇನೆ.