ಎರೆನೆಲದ ಮನೆಗೆ ಬೂದಿ ಬೆರೆತ ಸಿಮೆಂಟ್

ನವಲಗುಂದ, ಅಣ್ಣಿಗೇರಿ, ಕುಂದಗೋಳ ಸೀಮೆಯಲ್ಲಿ ಮನೆ ಕಟ್ಟಿಸುವವರಿಗೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ: 53 ಗ್ರೇಡ್ ಸಿಮೆಂಟೇ ತರಿಸಿ, ಪಿಪಿಸಿ ಬೂದಿ ಬೆರೆಸಿದ್ದು, ಅದು ಗಿಲಾವಿಗೆ ನಡೆಯುತ್ತದೆ, ಸ್ಲ್ಯಾಬಿಗೆ ಬೇಡ. ಬೂದಿ ಎಂದ ಕೂಡಲೇ ಕಲಬೆರಕೆಯ ಅನುಮಾನ ಬರುವುದು ಸಹಜ. ಆದರೆ ಎರೆಮಣ್ಣು ಮತ್ತು ಸವಳು ನೀರಿನ ಈ ಭಾಗದಲ್ಲಿ ಬಹುಕಾಲ ಬಾಳುವ ಕಾಂಕ್ರೀಟ್ ಬೇಕಿದ್ದರೆ, ಬೂದಿ ಇಲ್ಲವೇ ಕಬ್ಬಿಣದ ಕಿಟ್ಟ ಬೆರೆತ ಸಿಮೆಂಟನ್ನೇ ಮೊದಲು ಆರಿಸಬೇಕು.

ಕಾರಣ ಕಾಂಕ್ರೀಟಿನ ಒಳಗೇ ಇದೆ. ಸಿಮೆಂಟಿಗೆ ನೀರು ತಗುಲಿದಾಗ ಖಡಿ, ಉಸುಕನ್ನು ಹಿಡಿದು ನಿಲ್ಲಿಸುವ ಅಂಟಿನ ಜೊತೆಗೆ ಸುಣ್ಣವೂ ಹುಟ್ಟುತ್ತದೆ. ಗಟ್ಟಿಯಾದ ಸಿಮೆಂಟಿನಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಈ ಸುಣ್ಣವೇ. ಅದರಿಂದ ಬಲ ಬರುವುದು ಕಡಿಮೆ, ತೊಂದರೆ ಹೆಚ್ಚು. ಸವಳಿನಲ್ಲಿರುವ ಸಲ್ಫೇಟ್ ಈ ಸುಣ್ಣದೊಂದಿಗೆ, ಸಿಮೆಂಟಿನ ಅಲ್ಯೂಮಿನಾದೊಂದಿಗೆ ಕೂಡಿ ಉಬ್ಬುವ ಹರಳುಗಳಾಗುತ್ತದೆ. ಕಾಂಕ್ರೀಟ್ ಒಳಗಿನಿಂದಲೇ ಬಿರಿಯುತ್ತದೆ. ಕ್ಲೋರೈಡ್ ಸಣ್ಣ ಸಣ್ಣ ರಂಧ್ರಗಳ ಮೂಲಕ ಸರಳಿನ ತನಕ ಇಳಿದು ತುಕ್ಕು ಹಿಡಿಸುತ್ತದೆ. ವಿದ್ಯುತ್ ಸ್ಥಾವರದ ಹಾರುಬೂದಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾಣುವುದು ನುಣುಪಾದ ಗಾಜಿನ ಪುಟ್ಟ ಗೋಲಿಗಳು. ಅವುಗಳಲ್ಲಿರುವ ಸಿಲಿಕಾ ಆ ಸುಣ್ಣವನ್ನು ನಿಧಾನವಾಗಿ ಬಳಸಿಕೊಂಡು ಮತ್ತಷ್ಟು ಅಂಟನ್ನು ಕಟ್ಟುತ್ತದೆ, ರಂಧ್ರಗಳು ಕಿರಿದಾಗುತ್ತವೆ. ಕಬ್ಬಿಣ ತೆಗೆಯುವ ಊದುಕುಲುಮೆಯಿಂದ ಬಂದ ಕರಗಿದ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ ಪುಡಿ ಮಾಡಿದರೆ ಅದೂ ಇದೇ ಕೆಲಸಕ್ಕೆ ಬರುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ ಸಲ್ಫೇಟ್ ಇರುವ ನೆಲಕ್ಕೆ ಸೂಚಿಸುವ ಸಿಮೆಂಟುಗಳಲ್ಲಿ ಕಿಟ್ಟದ ಸಿಮೆಂಟೂ ಸೇರಿದೆ.

ಇದು ಹೊಸ ಪ್ರಯೋಗವೂ ಅಲ್ಲ. 1911ರಲ್ಲಿ ಆರಂಭವಾದ ಕೃಷ್ಣರಾಜಸಾಗರವನ್ನು ಕಟ್ಟಿದ್ದು ಸುಣ್ಣಕ್ಕೆ ಸುಟ್ಟ ಇಟ್ಟಿಗೆಯ ಪುಡಿ ಬೆರೆಸಿದ ಸುರ್ಕಿ ಗಾರೆಯಲ್ಲಿ. ಅಲ್ಲಿ ಇಟ್ಟಿಗೆ ಪುಡಿ ಮಾಡಿದ ಕೆಲಸವನ್ನೇ ಇಲ್ಲಿ ಬೂದಿ ಮಾಡುತ್ತದೆ. ಸಾಮಗ್ರಿಯೂ ದೂರದ್ದಲ್ಲ: ಅಣ್ಣಿಗೇರಿಯ ಮೇಲೆ ಹಾಯುವ ಹುಬ್ಬಳ್ಳಿ–ಗುಂತಕಲ್ ರೈಲುಮಾರ್ಗದಲ್ಲೇ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡತಿನಿಯ ಬಳ್ಳಾರಿ ಉಷ್ಣವಿದ್ಯುತ್ ಸ್ಥಾವರ ಎರಡೂ ಇವೆ. ಸಿಮೆಂಟಿನ ಮೂಲವಾದ ಕ್ಲಿಂಕರ್ ಆಗಬೇಕಾದರೆ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು. ಒಂದು ಟನ್ನಿಗೆ 800 ಕಿಲೋಗಿಂತ ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಬೂದಿ ಬೆರೆತಷ್ಟೂ ಕ್ಲಿಂಕರ್ ಕಡಿಮೆ ಸಾಕು, ಆ ಹೊರಸೂಸುವಿಕೆಯೂ ತಗ್ಗುತ್ತದೆ.

ಬಲ ಕಡಿಮೆ ಎಂಬ ಆಕ್ಷೇಪಕ್ಕೆ ಆಧಾರ ಇಲ್ಲವೆಂದಲ್ಲ. 28 ದಿನಕ್ಕೆ 53 ಗ್ರೇಡ್ ಸಿಮೆಂಟ್ ಕನಿಷ್ಠ 53 ಮೆಗಾಪ್ಯಾಸ್ಕಲ್ ಮುಟ್ಟಬೇಕು, ಪಿಪಿಸಿಗೆ 33 ಸಾಕು. ಆದರೆ ಇದು ಪ್ರಯೋಗಾಲಯದಲ್ಲಿ ದಾಟಲೇಬೇಕಾದ ಕನಿಷ್ಠ ಮಿತಿ. ಬೂದಿಯ ಕೆಲಸ ಆ 28 ದಿನದ ನಂತರವೂ ನಡೆಯುತ್ತಲೇ ಇರುತ್ತದೆ. ಹಳ್ಳಿಯ ಮನೆಯ ಸ್ಲ್ಯಾಬಿಗೆ ಬಳಸುವ ಎಂ20 ಕಾಂಕ್ರೀಟಿಗೆ ಬೇಕಾದ ಬಲ 20 ಮೆಗಾಪ್ಯಾಸ್ಕಲ್. ಅದನ್ನು ಕೆಡಿಸುವುದು ಚೀಲದ ಮೇಲಿನ ಅಂಕಿಗಿಂತ ಹೆಚ್ಚಾಗಿ, ಕಲಸಲು ಹಗುರಾಗಲೆಂದು ಮಿಕ್ಸರಿಗೆ ಸುರಿಯುವ ಹೆಚ್ಚುವರಿ ನೀರು. ಆದರೆ ಒಂದು ಮಾತು ನಿಜ: ಪಿಪಿಸಿ ನಿಧಾನ. ಸೆಂಟ್ರಿಂಗ್ ಬಿಚ್ಚಲು ಅವಸರ ಮಾಡಬಾರದು. ಮಳೆಗಾಲದ ತಂಪಿನಲ್ಲಿ, ಅದರಲ್ಲೂ ಮಲೆನಾಡಿನ ಅಂಚಿನ ಕಲಘಟಗಿ ಕಡೆ, ಇನ್ನೂ ಕೆಲವು ದಿನ ಬಿಡುವುದು ಒಳ್ಳೆಯದು.

ಕಲಬೆರಕೆಯ ಭಯಕ್ಕೂ ಉತ್ತರವಿದೆ. ಪಿಪಿಸಿಯಲ್ಲಿ ಬೂದಿ ಶೇ 15ರಿಂದ 35ರೊಳಗೆ ಇರಬೇಕು. ಬೂದಿಯಲ್ಲಿ ಸುಡದೆ ಉಳಿದ ಅಂಶಕ್ಕೂ ಮಿತಿಯಿದೆ. ಈ ಪರೀಕ್ಷೆ ಕಾರ್ಖಾನೆಯಲ್ಲಿ ಆಗುತ್ತದೆ. ಕಟ್ಟಡದ ಜಾಗದಲ್ಲಿ ಯಾರೋ ತಂದ ಬಿಡಿ ಬೂದಿಯನ್ನು ಬುಟ್ಟಿ ಲೆಕ್ಕದಲ್ಲಿ ಸುರಿದರೆ ಅದು ನಿಜಕ್ಕೂ ಕಲಬೆರಕೆಯೇ, ಅದನ್ನು ಯಾರೂ ಒಪ್ಪಬಾರದು. ಇನ್ನೊಂದನ್ನೂ ಹೇಳಬೇಕು: ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಎರೆಮಣ್ಣಿನ ಮೇಲೆ ಗೋಡೆ ಸೀಳಿದರೆ ಯಾವ ಸಿಮೆಂಟೂ ತಡೆಯಲಾರದು. ಅದಕ್ಕೆ ಎರೆ ತೆಗೆದು ಗರಸು ತುಂಬುವ, ಬುನಾದಿಯನ್ನು ಆಳಕ್ಕೆ ಇಳಿಸುವ ದಾರಿ ಬೇರೆಯೇ ಇದೆ.

ನನಗೆ ಎಲ್ಲಕ್ಕಿಂತ ಗಂಭೀರವಾಗಿ ಕಾಣುವ ಆಕ್ಷೇಪ ನೀರಿನದು. ಸಾದಾ ಸಿಮೆಂಟಿಗೆ ಕನಿಷ್ಠ 7 ದಿನ ನೀರುಣಿಸಬೇಕು, ಬೂದಿ ಬೆರೆತದ್ದಕ್ಕೆ 10. ಬಿಸಿಲು ಹೆಚ್ಚಿದ್ದರೆ 14 ದಿನ ಒಳ್ಳೆಯದೆಂದು ಸಂಹಿತೆ ಹೇಳುತ್ತದೆ. ಕುಡಿಯುವ ನೀರಿಗೇ ಮಲಪ್ರಭಾ ಕಾಲುವೆಯಿಂದ ಕೆರೆ ತುಂಬಿಸಿಕೊಳ್ಳುವ ನವಲಗುಂದದ ಹಳ್ಳಿಗಳಲ್ಲಿ ಇದು ಸಣ್ಣ ಮಾತಲ್ಲ. ಸವಳು ಬೋರಿನ ನೀರನ್ನೇ ಹೊಡೆದರೆ ಮಾಡಿದ್ದೆಲ್ಲ ವ್ಯರ್ಥ: ಸರಳು ಹಾಕಿದ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಲೀಟರಿಗೆ 500 ಮಿಲಿಗ್ರಾಂ ಕ್ಲೋರೈಡ್ ಮೀರಬಾರದು. ಸ್ಲ್ಯಾಬಿನ ಮೇಲೆ ಸಣ್ಣ ಒಡ್ಡು ಕಟ್ಟಿ ನೀರು ನಿಲ್ಲಿಸಿದರೆ, ಕಂಬಗಳಿಗೆ ಗೋಣಿತಾಟು ಸುತ್ತಿ ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದರೆ, ಪೈಪ್ ಹಿಡಿದು ಹೊಡೆದು ಬಿಡುವುದಕ್ಕಿಂತ ಬಹಳ ಕಡಿಮೆ ನೀರು ಸಾಕು. ಪಂಚಾಯಿತಿಯ ಶಾಲೆ, ಚರಂಡಿ, ನೀರಿನ ಟಾಕಿಗಳ ಅಂದಾಜುಪಟ್ಟಿಯಲ್ಲಿ ಈ 14 ದಿನದ ಸಿಹಿನೀರು ಮತ್ತು ಕೂಲಿಗೆ ಪ್ರತ್ಯೇಕ ಹಣ ಇಡಬೇಕು; ಅದಿಲ್ಲದೆ ಗುತ್ತಿಗೆದಾರರಿಂದ ಅಷ್ಟು ದಿನ ನೀರು ಹೊಡೆಸುವುದು ಕಷ್ಟ.