ದ್ರಾಕ್ಷಾಮದ್ಯ, ಪಥ, ವೃಷ್ಟಿ

ಅರ್ಥಶಾಸ್ತ್ರಜ್ಞನಿಗೆ ಮದ್ಯದ ವಿಚಾರವೇಕೆಂದು ವಾಚಕರು ಕೇಳಬಹುದು. ಈ ಸಂಬಂಧ ಪ್ರಾಚೀನವಾದುದು. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಮದ್ಯ, ಪ್ರಯಾಣ, ಮುನ್ಸೂಚನೆಗಳು ಮೂರೂ ಚರ್ಚಿತವಾಗಿವೆ.

ದ್ರಾಕ್ಷಿಯ ಮದ್ಯವನ್ನು ಕೌಟಿಲ್ಯನು ‘ಮಧು’ ಎನ್ನುತ್ತಾನೆ. ಕಾಪಿಶಾಯನ, ಹಾರಹೂರಕವೆಂದು ಹುಟ್ಟಿದ ನಾಡಿನಿಂದಲೇ ಅದಕ್ಕೆ ಹೆಸರು. ವಣಿಕ್ಪಥಗಳಲ್ಲಿ ಹಿಮಾಲಯದ ಮಾರ್ಗವೇ ಮೇಲೆಂದು ಪೂರ್ವಾಚಾರ್ಯರು ಹೇಳಿದರೆ, ಶಂಖ, ವಜ್ರ, ಮಣಿ, ಮುತ್ತು, ಚಿನ್ನಗಳು ದಕ್ಷಿಣಾಪಥದಲ್ಲಿಯೇ ಹೇರಳವೆಂದು ಆತನು ಖಂಡಿಸುತ್ತಾನೆ. ಮಳೆಯ ವಿಷಯವು ಇನ್ನೂ ಗಮನಾರ್ಹ. ಭಂಡಾರದಲ್ಲಿ ಮೊಳದಗಲ ಬಾಯಿಯ ಪಾತ್ರೆಯನ್ನಿಟ್ಟು ಮಳೆಯನ್ನು ಅಳೆಯಬೇಕು. ಒಣನಾಡಿಗೆ 16 ದ್ರೋಣ, ಅವಂತಿಗೆ 23 ದ್ರೋಣ. ಮೊತ್ತವಷ್ಟೇ ಸಾಲದು: ಮೊದಲ ಮತ್ತು ಕೊನೆಯ ತಿಂಗಳುಗಳಲ್ಲಿ ಮೂರನೆಯ ಒಂದು ಪಾಲು, ನಡುವಣ ಎರಡು ತಿಂಗಳುಗಳಲ್ಲಿ ಉಳಿದೆರಡು ಪಾಲು ಸುರಿದರೆ ಅದು ಸುವೃಷ್ಟಿ. ಗುರು-ಶುಕ್ರರ ಗತಿಯಿಂದ ಮಳೆಯನ್ನು ಊಹಿಸುವುದನ್ನು ನಾವಿಂದು ಒಪ್ಪೆವು. ಆದರೆ ಅಳತೆಯನ್ನೂ ಕಾಲವಿಭಾಗವನ್ನೂ ಒಪ್ಪದಿರಲಾರೆವು.

ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಓರ್ಲಿ ಆಶೆನ್‌ಫೆಲ್ಟರ್ ಅವರು ಇದೇ ದಾರಿಯನ್ನು ಹಿಡಿದರು. ಫ್ರಾನ್ಸಿನ ಬೋರ್ಡೋ ಪ್ರಾಂತದ ಮದ್ಯವು ಪಕ್ವವಾಗಲು ಅನೇಕ ವರ್ಷಗಳು ಬೇಕು; ಎಳೆಯ ಮದ್ಯವನ್ನು ಸವಿದೇ ಪರಿಣತರು ಬೆಲೆಗಟ್ಟುತ್ತಿದ್ದರು. ಇವರು ನಾಲಗೆಯನ್ನು ಬಿಟ್ಟು ಹವಾಮಾನದ ದಾಖಲೆಗಳನ್ನು ನೋಡಿದರು. ಚಳಿಗಾಲದ ಮಳೆ ಹಾಗೂ ಬೆಳೆಗಾಲದ ಬಿಸಿಲು ಗುಣವನ್ನು ಹೆಚ್ಚಿಸುತ್ತವೆ. ಕೊಯ್ಲಿಗೆ ಮುಂಚಿನ ಆಗಸ್ಟ್-ಸೆಪ್ಟೆಂಬರ್ ಮಳೆ ಕೆಡಿಸುತ್ತದೆ. ಮದ್ಯದ ವಯಸ್ಸಿನೊಡನೆ ಈ ಮೂರಂಶಗಳು ಬೆಲೆಗಳ ಅಂತರದಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲನ್ನು ವಿವರಿಸಿದುವು. 1990ರಲ್ಲಿ ಈ ಸೂತ್ರವು ಪತ್ರಿಕೆಗಳಿಗೆ ಬಂದಾಗ ರುಚಿಪರೀಕ್ಷಕರು ಅಪಹಾಸ್ಯ ಮಾಡಿದರು.

ಆಂಧ್ರದಲ್ಲಿ ನೆಲೆಸಿದ ನಮಗೆ ಇದು ದೂರದ ಮಾತಲ್ಲ. ವಿಜಯವಾಡದಲ್ಲಿ ಬೆಳೆಸಾಲದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದಾಗ ನಾನೂ ವರ್ಷದ ಮಳೆಯ ಮೊತ್ತವನ್ನೇ ನೋಡುತ್ತಿದ್ದೆ. ಕನ್ನಡನಾಡನ್ನು ಹಾದುಬರುವ ಕೃಷ್ಣೆಯು ಪ್ರಕಾಶಂ ಬ್ಯಾರೇಜಿನ ಕಾಲುವೆಗಳಿಂದ ಗದ್ದೆಗಳಿಗೆ ನೀರುಣಿಸುತ್ತಾಳೆ. ಅಪಾಯವಿರುವುದು ಕೊಯ್ಲಿನ ಮಳೆಯಲ್ಲಿ. 2023ರ ಡಿಸೆಂಬರ್ 5ರಂದು ಬಾಪಟ್ಲದ ಬಳಿ ದಡ ಮುಟ್ಟಿದ ಚಂಡಮಾರುತವು ಮಾಗಿನಿಂತ ಭತ್ತವನ್ನು ನೆಲಕ್ಕೊರಗಿಸಿತು. ವಿಶಾಖಪಟ್ಟಣದ ಚಂಡಮಾರುತ ಮುನ್ನೆಚ್ಚರಿಕೆ ಕೇಂದ್ರವು ಕೆಲವು ದಿನಗಳ ಮೊದಲು ಎಚ್ಚರಿಸಬಲ್ಲದು. ಸಾಲವನ್ನಾದರೋ ತಿಂಗಳುಗಳ ಮೊದಲೇ ಕೊಡಬೇಕು. ಆದ್ದರಿಂದ ಹಿಂದಿನ ವರ್ಷಗಳ ಕೊಯ್ಲುಗಾಲದ ಮಳೆಯನ್ನು ಬೇರೆಯಾಗಿ ಲೆಕ್ಕವಿಟ್ಟು, ಬೆಳೆವಿಮೆಯನ್ನೂ ಸಾಲದ ಗಡುವನ್ನೂ ನಿಶ್ಚಯಿಸುವುದು ವಿವೇಕ.

ಎಷ್ಟು ಸುರಿಯಿತೆಂಬುದಕ್ಕಿಂತ ಎಂದು ಸುರಿಯಿತೆಂಬುದೇ ರೈತನ ಭಾಗ್ಯವನ್ನು ನಿರ್ಧರಿಸುತ್ತದೆ.